ಮೂಸಿ ನೋಡಿ ತಂದ ಗುಲಾಬಿ

ಮಕ್ಕಳೇ, ನಿಮ್ಮ ಮನೆಯಲ್ಲಿ ಬೆಳಿಗ್ಗೆ ಹೂ ಬಿಡಿಸುವ ಕೆಲಸ ಯಾರದು? ನಮ್ಮ ಮನೆಯಲ್ಲಿ ನಲವತ್ತೆಂಟು ವರ್ಷಗಳಿಂದ ಅದು ನಮ್ಮಾಕೆಯದು. ಸ್ನಾನ ಮುಗಿಸಿ, ಬಿದಿರಿನ ಬುಟ್ಟಿ ಹಿಡಿದು ಹಿತ್ತಿಲಿಗೆ ಇಳಿದಳೆಂದರೆ ದಾಸವಾಳ, ನಂದಿಬಟ್ಟಲು, ಕಣಗಿಲೆ ಎಲ್ಲ ಹತ್ತು ನಿಮಿಷದಲ್ಲಿ ಬುಟ್ಟಿಯೊಳಗೆ. ನಾನು ಕಾಫಿ ಲೋಟ ಹಿಡಿದು ಮೆಟ್ಟಿಲ ಮೇಲೆ ಕೂತು ನೋಡುವವನು. ನಮ್ಮ ಸಂಸಾರದ ತೋಟಗಾರಿಕೆ ಹೀಗೇ ನಡೆದುಕೊಂಡು ಬಂದಿತ್ತು. ಮಣ್ಣು ಅವಳದು, ಮಾತು ನನ್ನದು.

ಎರಡು ವರ್ಷದ ಹಿಂದೆ ಅವಳ ಕಣ್ಣಿಗೆ ಗ್ಲಾಕೋಮಾ ಎಂದು ತಿಳಿಯಿತು. ಕಣ್ಣಿನ ನರ ನಿಧಾನವಾಗಿ ಸವೆಯುವ ಕಾಯಿಲೆ ಅದು. ನೋವಿಲ್ಲ, ಉರಿಯಿಲ್ಲ. ಮೊದಲು ಪಕ್ಕದ ನೋಟ ಹೋಗುತ್ತದೆ, ಹೋದದ್ದು ಗೊತ್ತೂ ಆಗುವುದಿಲ್ಲ. ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿಕೊಂಡಾಗಲೆಲ್ಲ ನಾನು "ಅವಸರ ಜಾಸ್ತಿ ನಿನಗೆ" ಎಂದು ನಗುತ್ತಿದ್ದೆ. ಹೋದ ದೃಷ್ಟಿ ಮತ್ತೆ ಬರುವುದಿಲ್ಲ, ಇರುವುದನ್ನು ಉಳಿಸಿಕೊಳ್ಳಬಹುದು ಅಷ್ಟೆ ಎಂದರು ವೈದ್ಯರು. ಇದನ್ನು ಓದುತ್ತಿರುವ ಅಜ್ಜ ಅಜ್ಜಿಯರೇ, ಕನ್ನಡಕದ ನಂಬರು ನೋಡಿಸಿದರೆ ಸಾಲದು, ಕಣ್ಣಿನ ಒತ್ತಡವನ್ನೂ ನರವನ್ನೂ ಪರೀಕ್ಷೆ ಮಾಡಿಸಿಕೊಳ್ಳಿ. ನಾವು ತಡ ಮಾಡಿದೆವು.

ಆದರೂ ಹೂ ಬಿಡಿಸುವುದನ್ನು ಅವಳು ಬಿಟ್ಟಿರಲಿಲ್ಲ. ಬಿಟ್ಟದ್ದು ಹೋದ ವರ್ಷದ ಬೇಸಿಗೆಯಲ್ಲಿ, ಕಳೆ ಕೀಳುವಾಗ. ನಾನು ದೇವರಾಜ ಮಾರುಕಟ್ಟೆಯ ಹೂವಿನವರೊಬ್ಬರಿಂದ ಕಾಡಿ ಬೇಡಿ ತಂದು ನೆಟ್ಟಿದ್ದ ಮೈಸೂರು ಮಲ್ಲಿಗೆಯ ಎಳೇ ಬಳ್ಳಿಯನ್ನು ಹುಲ್ಲಿನ ಜೊತೆ ಬೇರುಸಹಿತ ಕಿತ್ತುಬಿಟ್ಟಳು. ನಾನೇನೂ ಬೈಯಲಿಲ್ಲ. ಮೊಮ್ಮಗಳು ಪುಟ್ಟಿ ಮಾತ್ರ, "ಅಜ್ಜಿ, ಅದು ಮಲ್ಲಿಗೆ!" ಎಂದು ಕೂಗಿದಳು. ಕೈಯಲ್ಲಿದ್ದುದನ್ನು ಬೆರಳಿನಿಂದ ತಡವಿ ನೋಡಿ, ಅಲ್ಲೇ ಮೆಲ್ಲಗೆ ಇಟ್ಟು ಒಳಗೆ ಹೋದಳು. ಮಾರನೆಯ ದಿನ ಬುಟ್ಟಿ ಗೋಡೆಯ ಮೊಳೆಯಲ್ಲೇ ಇತ್ತು. "ಹಿತ್ತಿಲ ಋಣ ತೀರಿತು ಬಿಡಿ, ಇನ್ನು ಹೂವನ್ನು ನೀವೇ ತನ್ನಿ" ಎಂದಳು.

ಸಂತೋಷವಾಗಿ ಹೇಳಿದ್ದರೆ ನಾನೂ ಬಿಡುತ್ತಿದ್ದೆ. ಆಮೇಲಿನ ದಿನಗಳಲ್ಲಿ ಅವಳು ಕುರ್ಚಿ ಬಿಟ್ಟು ಏಳುವುದೇ ಕಡಿಮೆಯಾಯಿತು. ಆರನೇ ತರಗತಿಯ ಪುಟ್ಟಿಗೆ ಅಪರಾಧಿ ತಾನೇ ಎಂಬ ಭಾವನೆ. ಒಂದು ಸಂಜೆ ನನ್ನ ಹತ್ತಿರ ಬಂದು, "ತಾತ, ಕಣ್ಣಿಗೆ ಕಾಣದಿದ್ದರೂ ಮೂಗಿಗೆ ಕಾಣೋ ಗಿಡ ತರೋಣ" ಎಂದಳು. ಆ ಮಾತಿನಿಂದ ಶುರುವಾಯಿತು ನಮ್ಮ ಗುಲಾಬಿ ಹುಡುಕಾಟ.

ಮಲ್ಲಿಗೆ ಇದೆಯಲ್ಲ, ಗುಲಾಬಿಯೇ ಯಾಕೆ ಎಂದು ಕೇಳುತ್ತೀರಿ. ಮಲ್ಲಿಗೆಯ ಅಬ್ಬರವೆಲ್ಲ ಬೇಸಿಗೆಯಲ್ಲಿ. ಆಮೇಲೆ ತಿಂಗಳುಗಟ್ಟಲೆ ಎಲೆಯೇ ಗತಿ. ನಮಗೆ ಬೇಕಾಗಿದ್ದು ವರ್ಷವಿಡೀ ಆಗಾಗ ಹೂ ಕೊಡುವ, ದೂರದಿಂದಲೇ "ಇಲ್ಲಿದ್ದೇನೆ" ಎನ್ನುವ ಗಿಡ. ಬಳ್ಳಿಯ ಹಾಗೆ ಮೇಲೆ ಹತ್ತದೆ, ಸೊಂಟದೆತ್ತರದ ಪೊದೆಯಾಗಿ ನಿಲ್ಲುವಂಥದ್ದು. ನಿಂತಲ್ಲೇ ಬಗ್ಗಿದರೆ ಹೂವಿಗೆ ಮೂಗು ತಾಗಬೇಕು.

ಮೊದಲ ಸಲ ನಾನೊಬ್ಬನೇ ಹೋದೆ, ಮೊದಲ ತಪ್ಪನ್ನೂ ಮಾಡಿದೆ. ಮೇ ತಿಂಗಳ ಮಟಮಟ ಮಧ್ಯಾಹ್ನ. ರಸ್ತೆ ಬದಿಯ ನರ್ಸರಿಯಲ್ಲಿ ಬೊಗಸೆ ತುಂಬುವಂಥ ಕೆಂಪು ಹೂವಿನ ಗಿಡ ಕಂಡಿತು. "ಪರಿಮಳ ಇದೆಯಾ?" ಎಂದೆ. "ಗುಲಾಬಿ ಅಲ್ವಾ ಸಾರ್, ಇದ್ದೇ ಇರುತ್ತೆ" ಎಂದ ಹುಡುಗ. ಆ ಬಿಸಿಲಿನಲ್ಲಿ ಮೂಸಿ ನೋಡುವ ತಾಳ್ಮೆ ನನಗಿರಲಿಲ್ಲ. ಮನೆಗೆ ತಂದು ಅವಳ ಮುಂದೆ ಹಿಡಿದೆವು. ಅವಳು ಏನೂ ಹೇಳಲಿಲ್ಲ. ಪುಟ್ಟಿ ಮೂಸಿ ನೋಡಿ, "ತಾತ, ಇದು ಪ್ಲಾಸ್ಟಿಕ್ ಹೂವಿನ ತಂಗಿ" ಎಂದಳು.

ಎಲ್ಲ ಗುಲಾಬಿಗೂ ಪರಿಮಳ ಇರುತ್ತದೆ ಎಂದು ನಂಬುವವರ ಕಾಲ ಮುಗಿದಿದೆ. ಹೂಗುಚ್ಛದ ಅಂಗಡಿಯ ಉದ್ದ ಕಡ್ಡಿಯ ಗುಲಾಬಿಯನ್ನು ಒಮ್ಮೆ ಮೂಸಿ ನೋಡಿ. ಎಲೆಕೋಸಿಗೂ ಅದಕ್ಕಿಂತ ವಾಸನೆ ಇದೆ. ಪೆಟ್ಟಿಗೆಯಲ್ಲಿ ಕೂತು ವಿಮಾನ ಹತ್ತಿ, ದೂರದ ಊರಿನ ಹೂದಾನಿಯಲ್ಲಿ ವಾರ ನಿಲ್ಲಬೇಕು ಎಂದು ಬೆಳೆಸಿದ ತಳಿಗಳು ಅವು. ಬಣ್ಣ, ಉದ್ದ, ಬಾಳಿಕೆ ನೋಡಿ ನೋಡಿ ಆರಿಸುವಾಗ ಪರಿಮಳದ ಕಡೆ ಯಾರೂ ತಿರುಗಲಿಲ್ಲ, ಅದು ಕೈ ಬಿಟ್ಟುಹೋಯಿತು.

ಹೋಗುವುದು ಹೇಗೆ ಎಂಬುದನ್ನು ಫ್ರಾನ್ಸಿನ ವಿಜ್ಞಾನಿಗಳು 2015ರಲ್ಲಿ ಚೆನ್ನಾಗಿ ತೋರಿಸಿದರು. ಅವರು ಎರಡು ಗುಲಾಬಿಗಳನ್ನು ಎದುರು ಬದುರು ಇಟ್ಟು ನೋಡಿದರು. ಒಂದು ಪಾಪಾ ಮೈಲಾಂಡ್, ಕಡುಗೆಂಪು, ಘಮಘಮ. ಇನ್ನೊಂದು ರೂಜ್ ಮೈಲಾಂಡ್, ಅದೂ ಕೆಂಪು, ಆದರೆ ಪರಿಮಳ ಇಲ್ಲವೆನ್ನುವಷ್ಟು ಕಡಿಮೆ. ಗುಲಾಬಿಯ ವಾಸನೆಗೆ ಮುಖ್ಯವಾದ ಒಂದು ವಸ್ತುವಿನ ಹೆಸರು ಜೆರಾನಿಯಾಲ್. ಪಾಮರೋಸಾ ಎಂಬ ಹುಲ್ಲಿನಲ್ಲೂ ಅದು ಧಾರಾಳವಾಗಿದೆ. ಅದಕ್ಕೇ ಹಿಂದೆ ಗುಲಾಬಿ ಅತ್ತರಿಗೆ ಆ ಹುಲ್ಲಿನ ಎಣ್ಣೆಯನ್ನು ಕಲಬೆರಕೆ ಮಾಡುತ್ತಿದ್ದರು. ಈ ಜೆರಾನಿಯಾಲನ್ನು ತಯಾರಿಸಲು ಗುಲಾಬಿಯ ದಳದಲ್ಲಿ ಒಂದು ಕಿಣ್ವ ಬೇಕು. ಪಾಪಾ ಮೈಲಾಂಡಿನಲ್ಲಿ ಆ ಕಿಣ್ವದ ಜೀನ್ ಚುರುಕಾಗಿ ಕೆಲಸ ಮಾಡುತ್ತಿತ್ತು, ರೂಜ್ ಮೈಲಾಂಡಿನಲ್ಲಿ ಮಲಗಿಬಿಟ್ಟಿತ್ತು. ಪುಟ್ಟಿಗೆ ಇದನ್ನು ಹೇಳಿದಾಗ, "ಹಾಗಾದರೆ ಒಲೆ ಇದೆ, ಅಡುಗೆಯವರು ನಿದ್ದೆ ಮಾಡಿದ್ದಾರೆ" ಎಂದಳು. ನಾನು ಶಾಲೆಯಲ್ಲಿ ಮೂವತ್ತು ವರ್ಷ ವಿಜ್ಞಾನ ಕಲಿಸಿದವನು, ಇಷ್ಟು ಚೆನ್ನಾಗಿ ಹೇಳಲು ಬರುತ್ತಿರಲಿಲ್ಲ.

ಇನ್ನೊಂದು ಬೇಡಿಕೆ ಇತ್ತಲ್ಲ, ಮತ್ತೆ ಮತ್ತೆ ಹೂ ಬಿಡಬೇಕು ಎಂಬುದು. ಅದರ ಕತೆ ಇನ್ನೂ ದೊಡ್ಡದು.

ಹಳೆಯ ಕಾಲದಲ್ಲಿ ಯುರೋಪಿನ ಗುಲಾಬಿಗಳಲ್ಲಿ ಹೆಚ್ಚಿನವು ವರ್ಷಕ್ಕೆ ಒಂದೇ ಸಲ, ಬೇಸಿಗೆಯ ಕೆಲವು ವಾರ ಅರಳಿ ಸುಮ್ಮನಾಗುತ್ತಿದ್ದವು. ಚೀನಾದ ತೋಟಗಳಲ್ಲಿ ಮಾತ್ರ ತಿಂಗಳು ತಿಂಗಳೂ ಅರಳುವ ಗುಲಾಬಿಗಳಿದ್ದವು. ಹದಿನೆಂಟನೆಯ ಶತಮಾನದ ಕೊನೆಗೆ ಅವು ಹಡಗು ಹತ್ತಿ ಪಶ್ಚಿಮಕ್ಕೆ ಹೋದವು. ಕೆಲವು ನಮ್ಮ ಕಲ್ಕತ್ತೆಯ ಮೂಲಕ ಹೋದದ್ದರಿಂದ ಫ್ರೆಂಚರು ಅವನ್ನು "ಬಂಗಾಳದ ಗುಲಾಬಿ" ಎಂದೇ ಕರೆದರು. ಹುಟ್ಟಿದ್ದು ಚೀನಾದಲ್ಲಿ, ಹೆಸರು ಬಂಗಾಳದ್ದು. ನಮ್ಮೂರ ಬಸ್ಸಿನಲ್ಲಿ ಬಂದವರೆಲ್ಲ ನಮ್ಮೂರಿನವರೇ ಎಂದುಕೊಂಡ ಹಾಗೆ!

ಈ ಚೀನಾ ಗುಲಾಬಿಗೆ ಬಿಡುವಿಲ್ಲದೆ ಹೂ ಬಿಡುವ ಬುದ್ಧಿ ಬಂದದ್ದು ಹೇಗೆ? ಗುಲಾಬಿ ಗಿಡದೊಳಗೆ "ಸಾಕು, ಈಗ ಹೂ ಬೇಡ, ಎಲೆ ಬೆಳೆಸು" ಎಂದು ತಡೆಯುವ ಒಂದು ಜೀನ್ ಇದೆ. ಚೀನಾ ಗುಲಾಬಿಯಲ್ಲಿ ಆ ಜೀನಿನ ನಡುವೆ ಎಲ್ಲಿಂದಲೋ ಒಂದು ತುಂಡು ಡಿ.ಎನ್.ಎ. ಬಂದು ಸೇರಿಕೊಂಡು ಅದನ್ನು ಕೆಡಿಸಿಬಿಟ್ಟಿದೆ ಎಂದು ವಿಜ್ಞಾನಿಗಳು 2012ರಲ್ಲಿ ಕಂಡುಹಿಡಿದರು. ತಡೆಯುವವರ ಬಾಯಿ ಕಟ್ಟಿತು, ಹೂವಿನ ಮೆರವಣಿಗೆ ನಿಲ್ಲಲೇ ಇಲ್ಲ. ಕೆಟ್ಟದ್ದರಿಂದಲೂ ಕೆಲವೊಮ್ಮೆ ಹೀಗೆ ಹಬ್ಬವಾಗುತ್ತದೆ.

ಇಷ್ಟಾದರೂ ಚೀನಾ ಗುಲಾಬಿಗೆ ನಮ್ಮ ಪನ್ನೀರಿನಂಥ ಗಾಢ ಪರಿಮಳ ಇರಲಿಲ್ಲ. ಆ ಪರಿಮಳ ಡಮಾಸ್ಕ್ ಜಾತಿಯದು. ಅತ್ತರು, ಪನ್ನೀರು, ಗುಲ್ಕನ್ ಎಲ್ಲಕ್ಕೂ ಅದೇ ಮೂಲ. ಒಂದು ಕಿಲೋ ಗುಲಾಬಿ ಎಣ್ಣೆ ಬೇಕಾದರೆ ಮೂರು ನಾಲ್ಕು ಟನ್ ಹೂ ಬೇಕು, ಅದೂ ಬಿಸಿಲೇರುವ ಮೊದಲೇ ಬಿಡಿಸಿದ್ದು. ಎರಡೂ ಗುಣ ಒಂದೇ ಗಿಡದಲ್ಲಿ ಸೇರಿದ್ದು ಯಾರೋ ಪಂಡಿತರ ಪ್ರಯೋಗಶಾಲೆಯಲ್ಲಿ ಅಲ್ಲ, ಬೇಲಿಯಲ್ಲಿ!

ಭೂಪಟ ತೆಗೆಯಿರಿ. ಹಿಂದೂ ಮಹಾಸಾಗರದಲ್ಲಿ ಮಾರಿಷಸ್ ಹುಡುಕಿ. ಅದರ ಪಕ್ಕದಲ್ಲೇ ರಿಯೂನಿಯನ್ ಎಂಬ ಪುಟ್ಟ ದ್ವೀಪವಿದೆ. ಆಗ ಅದರ ಹೆಸರು ಬೂರ್ಬೋನ್. ಅಲ್ಲಿನ ರೈತರು ಹೊಲಗಳಿಗೆ ಗುಲಾಬಿಯ ಬೇಲಿ ಹಾಕುತ್ತಿದ್ದರು, ಒಂದು ಸಾಲು ಚೀನಾದ್ದು, ಒಂದು ಸಾಲು ಡಮಾಸ್ಕ್. ಗಾಳಿಗೋ ಜೇನಿಗೋ ಪರಾಗ ಅತ್ತಿತ್ತ ಹೋಗಿ, ಎರಡರ ಗುಣವನ್ನೂ ಹೊತ್ತ ಒಂದು ಸಸಿ ತಾನೇ ಹುಟ್ಟಿತು. 1817ರ ನಂತರದ ವರ್ಷಗಳಲ್ಲಿ ಅಲ್ಲಿಗೆ ಬಂದಿದ್ದ ಬ್ರೆಯೋನ್ ಎಂಬ ಫ್ರೆಂಚ್ ಸಸ್ಯಶಾಸ್ತ್ರಜ್ಞ ಅದನ್ನು ಗುರುತಿಸಿ ಬೀಜವನ್ನು ಫ್ರಾನ್ಸಿಗೆ ಕಳಿಸಿದ. ಬೂರ್ಬೋನ್ ಗುಲಾಬಿಗಳ ವಂಶ ಬೆಳೆದದ್ದು ಹೀಗೆ. ದ್ವೀಪದವರು ಆ ಬೇಲಿಯ ಹೂವನ್ನು ಕರೆದದ್ದು ಎಡುವಾರ್ ಗುಲಾಬಿ ಎಂದು. ನಮ್ಮ ನರ್ಸರಿಗಳಲ್ಲಿ "ಎಡ್ವರ್ಡ್ ಗುಲಾಬಿ" ಎಂದು ಸಿಗುವ ತೆಳುಗುಲಾಬಿ ಬಣ್ಣದ ಹೂ ಇದೇ ಬೂರ್ಬೋನ್ ಕುಲದ್ದು. ಅದೂ ಡಮಾಸ್ಕ್ ಗುಲಾಬಿಯೂ ಎರಡೂ ನಮ್ಮ ಕಡೆ ಸಾಮಾನ್ಯವಾಗಿ "ಪನ್ನೀರು ಗುಲಾಬಿ" ಎಂಬ ಒಂದೇ ಹೆಸರಿನಲ್ಲಿ ಹೋಗುತ್ತವೆ.

ಇಷ್ಟು ಓದಿಕೊಂಡ ಮೇಲೆ ನಮಗೆ ಬುದ್ಧಿ ಬಂತು. ಜೂನ್ ತಿಂಗಳ ಒಂದು ಮೋಡದ ಬೆಳಿಗ್ಗೆ, ಏಳೂವರೆಗೇ, ಆಟೋ ಮಾಡಿಕೊಂಡು ಮೂವರೂ ಬೇರೆ ನರ್ಸರಿಗೆ ಹೋದೆವು. ನಮ್ಮಾಕೆ ಬರುವುದಿಲ್ಲವೆಂದು ಹಟ ಮಾಡಿದಳು. "ನಾನು ಬಂದು ನೋಡುವುದಾದರೂ ಏನು?" "ನೋಡೋದಕ್ಕಲ್ಲ ಅಜ್ಜಿ, ನೀನು ಬರೀ ಬಾ" ಎಂದು ಪುಟ್ಟಿ ಕೈ ಹಿಡಿದೆಳೆದಳು.

ಅಲ್ಲಿ ಹೋದ ಮೇಲೆ ಹೊಸ ತೊಡಕು. ನಾನು ಒಂದು ಹೂವಿನ ಹತ್ತಿರ ಕರೆದುಕೊಂಡು ಹೋಗಿ, "ಬಗ್ಗು, ಮೂಸಿ ನೋಡು" ಎಂದರೆ ಹಿಂದಕ್ಕೆ ಸರಿದಳು. "ದೇವರಿಗೆ ಇಡುವ ಹೂ. ಮೂಸಬಾರದು."

ಆಗಲೇ ನನಗೆ ಹೊಳೆದದ್ದು. ನಲವತ್ತೆಂಟು ವರ್ಷ ದಿನವೂ ಬುಟ್ಟಿ ತುಂಬ ಹೂ ಬಿಡಿಸಿದವಳು ಒಂದನ್ನೂ ಮೂಗಿನ ಹತ್ತಿರ ತಂದವಳಲ್ಲ. ಅವಳ ತಾಯಿ ಕಲಿಸಿದ ರೀತಿ ಅದು, ನನ್ನ ತಾಯಿಯೂ ಹಾಗೇ. ಗಾಳಿಗೆ ಬಂದ ಪರಿಮಳವೇ ಅವಳ ಪಾಲು. ನಾನು ಏನು ಹೇಳುವುದೆಂದು ತೋಚದೆ ನಿಂತೆ. ಪುಟ್ಟಿ ಹೇಳಿದಳು, "ಇದು ದೇವರಿಗಲ್ಲ ಅಜ್ಜಿ. ದೇವರಿಗೆ ದಾಸವಾಳ ಇದೆ, ಕಣಗಿಲೆ ಇದೆ. ಈ ಗಿಡ ನಿನಗೆ."

ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಸೆರಗು ಸರಿ ಮಾಡಿಕೊಂಡು ಬಗ್ಗಿದಳು.

ಅಂದು ಆ ಮೂಗು ಮಾಡಿದ ಕೆಲಸವನ್ನು ನನ್ನ ಎರಡು ಕಣ್ಣು ಮಾಡುತ್ತಿರಲಿಲ್ಲ. ಮೊದಲನೆಯದು ಡಬಲ್ ಡಿಲೈಟ್. ಕೆನೆ ಬಣ್ಣದ ದಳಕ್ಕೆ ಕೆಂಪು ಅಂಚು, 1977ರಲ್ಲಿ ಬಂದ ತಳಿ, ಈಗ ಊರೂರಿನ ನರ್ಸರಿಯಲ್ಲೂ ಇದೆ. "ಏಲಕ್ಕಿ ಹಾಕಿದ ಶರಬತ್ತು" ಎಂದಳು. ಇದರ ಕೆಂಪು ಬಿಸಿಲು ಬಿದ್ದಷ್ಟೂ ಹರಡುತ್ತದೆ, ನೆರಳಿನಲ್ಲಿ ಬೆಳೆಸಿದರೆ ಕೆನೆಯೇ ಹೆಚ್ಚು. ಪುಟ್ಟಿಗೆ ಅದು ಬೇಕೇ ಬೇಕಾಯಿತು. ಎರಡನೆಯದು ಫ್ರೇಗ್ರೆಂಟ್ ಕ್ಲೌಡ್, ಹವಳಗೆಂಪು. "ನಿಂಬೆ ಸಿಪ್ಪೆ ಹಿಂಡಿದ ಹಾಗಿದೆ." ಹಳದಿ ಹೂವೊಂದಕ್ಕೆ, "ಚಹಾಪುಡಿ ಡಬ್ಬಿ ತೆರೆದ ಹಾಗೆ. ಬೇಡ, ಬೆಳಿಗ್ಗೆ ನಿಮ್ಮ ಕಾಫಿ ಜೊತೆ ಜಗಳ ಆಗುತ್ತೆ." ಅವಳ ಮಾತು ತಮಾಷೆಯಲ್ಲ. ಚಹಾ ವಾಸನೆಯ ಗುಲಾಬಿಗಳ ಒಂದು ಪಂಗಡವೇ ಇದೆ, ಟೀ ರೋಸ್ ಎಂದೇ ಅವುಗಳ ಹೆಸರು. ನಾಲ್ಕೈದು ಹೂ ಮೂಸಿದ ಮೇಲೆ ಮೂಗು ಮಂದವಾಗುತ್ತದೆ. ಆಗ ಅವಳು ತನ್ನ ಸೆರಗನ್ನೇ ಮೂಗಿಗೆ ಹಿಡಿದು ಎರಡು ಉಸಿರು ತೆಗೆದುಕೊಂಡು ಮುಂದಿನ ಗಿಡಕ್ಕೆ ಹೋಗುತ್ತಿದ್ದಳು. ನೀವೂ ಹಾಗೆ ಮಾಡಿ.

ಪಾಪಾ ಮೈಲಾಂಡ್ ಮುಂದೆ ಬಹಳ ಹೊತ್ತು ನಿಂತಳು. ನನಗೂ ಆಸೆಯಾಯಿತು. ಆದರೆ ಅಲ್ಲಿನ ವಯಸ್ಸಾದ ಮಾಲಿಯೇ ತಡೆದರು. "ವಾಸನೆಗೆ ಇದೇ ರಾಜ, ಯಜಮಾನ್ರೇ. ಆದ್ರೆ ಬೂದಿ ರೋಗ, ಕಪ್ಪು ಚುಕ್ಕೆ ಎರಡೂ ಬರುತ್ತೆ. ಔಷಧಿ ಹೊಡೀತಾ ಇರ್ಬೇಕು." ದಿನಾ ಮೂಗು ಹಿಡಿಯುವ ಹೂವಿಗೆ ವಿಷ ಹೊಡೆಯುವುದೆಂದರೇನು? ಅದನ್ನು ಬಿಟ್ಟೆವು. ಮಾರುವವರೇ ಮಾರಬೇಡಿ ಎಂದು ಹೇಳುವ ಅಂಗಡಿ ಸಿಕ್ಕರೆ ಬಿಡಬೇಡಿ, ಅದಕ್ಕೇ ಮತ್ತೆ ಹೋಗಿ.

ನನ್ನ ಹತ್ತಿರ ಇನ್ನೆರಡು ಹೆಸರಿನ ಚೀಟಿ ಇತ್ತು. ಒಂದು ಗ್ರುಸ್ ಆನ್ ಟೆಪ್ಲಿಟ್ಸ್, 1897ರ ತಳಿ, ಕಡುಗೆಂಪು, ಗಟ್ಟಿ ಪೊದೆ. ಉತ್ತರ ಭಾರತದಲ್ಲಿ ಮಾಲೆಗೆಂದು ಬೆಳೆಯುತ್ತಾರೆ, ಪರಿಮಳ ಇದೆ, ಮತ್ತೆ ಮತ್ತೆ ಅರಳುತ್ತದೆ. ಇನ್ನೊಂದು ರೋಸ್ ಶರ್ಬತ್. ಇದನ್ನು ಮಾಡಿದವರು ಡಾ. ಬಿ.ಪಿ. ಪಾಲ್. ಗೋಧಿಗೆ ಬರುವ ತುಕ್ಕು ರೋಗವನ್ನು ತಡೆಯುವ ತಳಿಗಳನ್ನು ರೂಪಿಸಿದ, ಭಾರತೀಯ ಕೃಷಿ ಸಂಶೋಧನಾ ಮಂಡಳಿಯ ಮೊದಲ ಮಹಾನಿರ್ದೇಶಕರಾದ ದೊಡ್ಡ ವಿಜ್ಞಾನಿ. ಬಿಡುವಿನಲ್ಲಿ ಗುಲಾಬಿ ಬೆಳೆಸುತ್ತಿದ್ದರು. ದೇಶಕ್ಕೆ ರೊಟ್ಟಿಯನ್ನೂ ಕೊಟ್ಟು ಮೇಲೆ ಶರಬತ್ತನ್ನೂ ಕೊಟ್ಟವರು! ಎರಡೂ ಅಂದು ಅಲ್ಲಿ ಸಿಗಲಿಲ್ಲ. ನಿಮಗೆ ಸಿಕ್ಕರೆ ಬಿಡಬೇಡಿ.

ಇಂಗ್ಲೆಂಡಿನ ಡೇವಿಡ್ ಆಸ್ಟಿನ್ ಅವರ ಪೊದೆ ಗುಲಾಬಿಗಳ ಚಿತ್ರ ನೋಡಿ ಮರುಳಾದವರೂ ಇದ್ದೀರಿ, ನಾನೂ ಒಬ್ಬ. ಹಳೆಯ ಪರಿಮಳ, ಹೊಸ ಗುಲಾಬಿಯ ಹಾಗೆ ಮರುಹೂವು, ಎರಡನ್ನೂ ಸೇರಿಸುವುದೇ ಅವರ ಜೀವಮಾನದ ಕೆಲಸ. 1961ರಲ್ಲಿ ಬಂದ ಅವರ ಮೊದಲ ಗುಲಾಬಿ ಕಾನ್‌ಸ್ಟನ್ಸ್ ಸ್ಪ್ರೈ ವರ್ಷಕ್ಕೆ ಒಂದೇ ಸಲ ಅರಳುತ್ತಿತ್ತು. ಮರುಹೂವಿಗಾಗಿ ಮತ್ತೆ ವರ್ಷಗಟ್ಟಲೆ ದುಡಿದರು. ಆದರೆ ಅವು ತಂಪಿನ ನಾಡಿನಲ್ಲಿ ಹುಟ್ಟಿದ ಮಕ್ಕಳು. ಬಿಸಿ ನಾಡಿಗೆ ಒಗ್ಗುವ ಗುಲಾಬಿ ಬೇಕೆಂದು ಕೊಡೈಕೆನಾಲಿನಲ್ಲಿ ವೀರರಾಘವನ್ ದಂಪತಿ ನಮ್ಮ ದೇಶದ ಕಾಡುಗುಲಾಬಿಗಳನ್ನೇ ಬೆರೆಸಿ ತಳಿ ಮಾಡಿದ್ದಾರೆ. ಅವುಗಳಲ್ಲಿ ಒಂದು ಹಳದಿ ಗುಲಾಬಿಗೆ ಸಸ್ಯವಿಜ್ಞಾನಿ ಜಾನಕಿ ಅಮ್ಮಾಳ್ ಅವರ ಹೆಸರು. ನನಗೆ ಅಂಥವುಗಳ ಮೇಲೇ ಹೆಚ್ಚು ಭರವಸೆ.

ಕೊನೆಗೆ ನಮ್ಮಾಕೆಯ ಗಿಡ ಸಿಕ್ಕಿದ್ದು ಮಾರಾಟದ ಸಾಲಿನಲ್ಲಿ ಅಲ್ಲ. ಹೊರಡುವಾಗ ಬಾವಿಯ ಪಕ್ಕದಲ್ಲಿ ಸಟ್ಟನೆ ನಿಂತು, "ಇಲ್ಲಿ ಏನೋ ಇದೆ" ಎಂದಳು. ನಾನು ನೋಡಿದರೆ ಬೇಲಿಯ ಹಾಗೆ ಬೆಳೆದ, ಯಾರೂ ಗಮನಿಸದ ಮುಳ್ಳುಪೊದೆ, ಅದರ ತುಂಬ ತೆಳುಗುಲಾಬಿ ಹೂ. ಬೇರೆ ಗುಲಾಬಿಗೆ ಕಣ್ಣು ಕಸಿ ಮಾಡಲು ಬುಡವಾಗಿ ಬಳಸುವ ಎಡ್ವರ್ಡ್ ಗಿಡ ಎಂದರು ಮಾಲಿ. ಅವಳು ಬಗ್ಗಿದಳು. "ನಮ್ಮ ತವರಿನ ಗುಲ್ಕನ್ ಭರಣಿ" ಎಂದಳು, ಮತ್ತೆ ಬಗ್ಗಿದಳು. ಮಾಲಿ ಕತ್ತರಿ ತಂದು ಆರು ಕಡ್ಡಿ ಕತ್ತರಿಸಿ ಕೊಟ್ಟರು, ದುಡ್ಡು ಮುಟ್ಟಲಿಲ್ಲ. ಡಬಲ್ ಡಿಲೈಟಿಗೆ ಮಾತ್ರ ದುಡ್ಡು ಕೊಟ್ಟು ಬಂದೆವು.

"ಇದಕ್ಕೆ ಮುಳ್ಳು ಜಾಸ್ತಿ" ಎಂದು ನಾನು ಆಟೋದಲ್ಲಿ ಎಚ್ಚರಿಸಿದೆ. "ಇರಲಿ ರೀ. ಮುಳ್ಳಿದ್ದರೆ ನಾನು ಕಳೆ ಅಂತ ಕೀಳೋದಿಲ್ಲ" ಎಂದಳು. ಮಲ್ಲಿಗೆಯ ವಿಷಯ ಅವಳೇ ಎತ್ತಿದ್ದು ಅದೇ ಮೊದಲು.

ಕಡ್ಡಿ ನೆಡುವುದು ಮಕ್ಕಳ ಕೆಲಸ, ಬಹಳ ಸುಲಭ. ಪೆನ್ಸಿಲ್ ದಪ್ಪದ, ಒಂದು ಗೇಣುದ್ದದ ಕಡ್ಡಿ ಸಾಕು. ಕೆಳಗಿನ ಎಲೆ ತೆಗೆದು, ತುದಿಯಲ್ಲಿ ಒಂದೆರಡು ಬಿಟ್ಟು, ಮರಳು ಬೆರೆಸಿದ ಮಣ್ಣಿನಲ್ಲಿ ಅರ್ಧಕ್ಕಿಂತ ಹೆಚ್ಚು ಹೂತು ನೆರಳಿನಲ್ಲಿಡಿ. ಮಣ್ಣು ಒಣಗಬಾರದು, ಕೆಸರೂ ಆಗಬಾರದು. ದಿನಾ ಕಿತ್ತು "ಬೇರು ಬಂತಾ?" ಎಂದು ನೋಡಬಾರದು. ಇದನ್ನು ಯಾಕೆ ಬರೆಯುತ್ತಿದ್ದೇನೆಂದರೆ ನಮ್ಮ ಆರರಲ್ಲಿ ಎರಡು ಹೀಗೇ ಹೋದವು, ಯಾರು ಕಿತ್ತರೆಂದು ಹೇಳುವುದಿಲ್ಲ. ಉಳಿದ ನಾಲ್ಕಕ್ಕೆ ಒಂದೂವರೆ ತಿಂಗಳಲ್ಲಿ ಬೇರು ಬಂತು. ಇಂಥ ಗಿಡಕ್ಕೆ ಇನ್ನೊಂದು ಅನುಕೂಲವಿದೆ. ಕಸಿ ಗಿಡದಲ್ಲಿ ಕಸಿಯ ಗಂಟಿನ ಕೆಳಗಿಂದ ಬುಡದ ಗಿಡವೇ ಚಿಗುರಿ ಮೇಲಿನದನ್ನು ನುಂಗಿಬಿಡಬಹುದು, ಅಂಥ ಚಿಗುರನ್ನು ಹುಡುಕಿ ತೆಗೆಯಬೇಕು. ಸ್ವಂತ ಬೇರಿನ ಗಿಡದಲ್ಲಿ ಎಲ್ಲಿಂದ ಚಿಗುರಿದರೂ ಅದೇ ಗುಲಾಬಿ. ಕಣ್ಣು ಕಾಣದವರ ಕೈಗೆ ಇದಕ್ಕಿಂತ ನೆಮ್ಮದಿ ಬೇರೆ ಇಲ್ಲ.

ಒಂದನ್ನು ಹಿತ್ತಿಲ ಬಾಗಿಲಿನಿಂದ ಏಳು ಹೆಜ್ಜೆ ದೂರದಲ್ಲಿ ನೆಲದಲ್ಲೇ ನೆಟ್ಟೆವು. ಜಾಗ ಅವಳೇ ಹೆಜ್ಜೆ ಹಾಕಿ ಗೊತ್ತು ಮಾಡಿದ್ದು. ದಿನಕ್ಕೆ ಐದಾರು ಗಂಟೆ ಬಿಸಿಲು ಬೀಳುವ ಜಾಗ, ಗುಲಾಬಿಗೆ ಅಷ್ಟಾದರೂ ಬೇಕು. ಬುಡಕ್ಕೆ ಕೊಟ್ಟಿಗೆ ಗೊಬ್ಬರ, ತಿಂಗಳಿಗೊಮ್ಮೆ ನೆನೆಸಿದ ಕಡಲೆ ಹಿಂಡಿಯ ನೀರು. ನೀರು ಬುಡಕ್ಕೆ ಮಾತ್ರ, ಎಲೆಯ ಮೇಲೆ ಬೇಡ. ಎಲೆ ಒದ್ದೆಯಾಗಿದ್ದರೆ ಕಪ್ಪು ಚುಕ್ಕೆ ರೋಗಕ್ಕೆ ಆಹ್ವಾನ ಕೊಟ್ಟ ಹಾಗೆ. ಚುಕ್ಕೆ ಬಿದ್ದ ಎಲೆಯನ್ನು ಪುಟ್ಟಿ ಕಿತ್ತು ದೂರ ಎಸೆಯುತ್ತಾಳೆ. ನಮ್ಮ ಔಷಧಿ ಅಷ್ಟೇ.

ಅಕ್ಟೋಬರ್ ಕೊನೆಯಲ್ಲಿ ಮೊದಲ ಮೊಗ್ಗುಗಳು ಬಂದವು. ಕಂಡವಳು ಅವಳೇ, ಬೆರಳಿನಿಂದ. "ರೀ, ಕಡಲೆಕಾಳಿನಷ್ಟಿವೆ, ನಾಲ್ಕು." ಎಳೆಯ ಗಿಡದ ಮೊದಲ ಮೊಗ್ಗುಗಳನ್ನು ಚಿವುಟಿದರೆ ಗಿಡ ಗಟ್ಟಿಯಾಗುತ್ತದೆ ಎಂದು ಎಲ್ಲ ಪುಸ್ತಕದಲ್ಲೂ ಇದೆ. ನಾನು ಹಾಗೆಂದೆ. ಅವಳು ತಣ್ಣಗೆ, "ಪುಸ್ತಕ ಬರೆದವರಿಗೆ ಕಾಯುವುದಕ್ಕೆ ಬೇಕಾದಷ್ಟು ಕಾಲ ಇರಬೇಕು" ಎಂದಳು. ಮೂರನ್ನು ಚಿವುಟಿ ಒಂದನ್ನು ಬಿಟ್ಟೆವು.

ನವೆಂಬರ್ ಎರಡನೆಯ ವಾರ ಅದು ಅರಳಿತು. ಬೆಳಿಗ್ಗೆ ನಾನು ಏಳುವ ಮೊದಲೇ ಹಿತ್ತಿಲ ಬಾಗಿಲು ತೆರೆದಿತ್ತು. ಹೋಗಿ ನೋಡಿದರೆ ಅವಳು ಗಿಡದ ಮುಂದೆ ಬಗ್ಗಿ ನಿಂತಿದ್ದಾಳೆ, ಕೈ ಬೆನ್ನ ಹಿಂದೆ ಕಟ್ಟಿಕೊಂಡು. ನಾನು ಮೆಟ್ಟಿಲ ಮೇಲೆ ಕೂತೆ, ಕಾಫಿ ಇನ್ನೂ ಆಗಿರಲಿಲ್ಲ. ಮೂರು ದಿನ ಹಾಗೇ ನಡೆಯಿತು. ನಾಲ್ಕನೆಯ ದಿನ ದಳ ಉದುರುವ ಮೊದಲು ಅದನ್ನು ಕತ್ತರಿಸಿ ಪುಟ್ಟಿಯ ಜಡೆಗೆ ಸಿಕ್ಕಿಸಿದಳು.

ಕತ್ತರಿಸಿದ ದಿನವನ್ನು ಪುಟ್ಟಿ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಟ್ಟಳು. ಬಾಡುವ ಹೂವನ್ನು ಐದೆಲೆಯ ಗರಿಯ ಮೇಲೆ ಕತ್ತರಿಸಿದರೆ ಆ ಗೆಣ್ಣಿನಿಂದಲೇ ಹೊಸ ಚಿಗುರು ಹೊರಟು, ಸುಮಾರು ನಲವತ್ತರಿಂದ ಐವತ್ತು ದಿನದಲ್ಲಿ ಮತ್ತೆ ಹೂ ಬರುತ್ತದೆ. ಅಜ್ಜಿ ನಲವತ್ತು ಎಂದಳು, ನಾನು ಐವತ್ತು, ಪುಟ್ಟಿ ನಲವತ್ತೈದು. ಬಂದದ್ದು ನಲವತ್ತಾರಕ್ಕೆ, ಒಂದೇ ಸಲ ಮೂರು ಹೂ. ನೀವೂ ಎಣಿಸಿ ನೋಡಿ ಮಕ್ಕಳೇ. ನಿಮ್ಮೂರಲ್ಲಿ ಚಳಿ ಜಾಸ್ತಿಯಿದ್ದರೆ ದಿನ ಹೆಚ್ಚಾಗುತ್ತದೆ, ಬಿಸಿಲಿನ ಊರಾದರೆ ಕಡಿಮೆ. ಊರು, ಗಿಡದ ಹೆಸರು, ದಿನದ ಲೆಕ್ಕ ಬರೆದು ಕಳಿಸಿ. ಪರಿಮಳ ಯಾವುದರ ಹಾಗಿದೆ ಎಂಬುದನ್ನು ಮಾತ್ರ ಅಜ್ಜಿಯ ಕೈಲೇ ಹೇಳಿಸಿ ಬರೆಯಿರಿ.

ಬಿದಿರಿನ ಬುಟ್ಟಿ ಈಗ ಮೊಳೆಯಲ್ಲಿಲ್ಲ. ದಾಸವಾಳವನ್ನು ಅವಳು ಕೈಯಿಂದ ತಡವಿ, ಅರಳಿದ್ದನ್ನು ಮಾತ್ರ ಬಿಡಿಸುತ್ತಾಳೆ. ಕಳೆ ಕೀಳುವುದು ಮಾತ್ರ ನನ್ನ ಪಾಲಿಗೆ ಬಂದಿದೆ, ಸೊಂಟ ನೋಯುತ್ತದೆ. ಮೊನ್ನೆ ಆ ಮೂರು ಗುಲಾಬಿಯಲ್ಲಿ ಒಂದು ದೇವರ ಮನೆಯಲ್ಲಿತ್ತು. "ಇದು ದೇವರಿಗಲ್ಲ ಅಂದಿದ್ದಿರಲ್ಲ?" ಎಂದು ಕೆಣಕಿದೆ. "ಒಂದಾದರೂ ಕೊಡಬೇಡವೇ? ಇದನ್ನು ನಾನು ಮೂಸಲಿಲ್ಲ" ಎಂದಳು.

ನಾನು ಮೆಟ್ಟಿಲ ಮೇಲೆಯೇ ಕೂತಿದ್ದೆ, ಎಲ್ಲ ನೋಡಿದ್ದೆ. ಏನೂ ಹೇಳಲಿಲ್ಲ.